ಅಂಚೆಯಲ್ಲಿ ಕಳಿಸಿದ ಸೊನ್ನೆಗಳು

ಜೂನ್ 3

ಇವಳೇ,

ನಿನ್ನ ಷರತ್ತಿನ ಪ್ರಕಾರ ಪೆನ್ನು ಹಿಡಿದಿದ್ದೇನೆ. ಬಸ್ಸು ಹತ್ತುವಾಗ ನೀನು ಹೇಳಿದ್ದು ಇದೇ ತಾನೆ: "ಫೋನ್ ಮಾಡಬೇಡಿ. ಫೋನಲ್ಲಿ ನೀವು ಶುರು ಹಚ್ಚಿಕೊಂಡ್ರೆ ನನಗೆ ಹ್ಞೂಂ ಅನ್ನೋಕೂ ಜಾಗ ಸಿಗಲ್ಲ. ಬರೀರಿ. ಬರೆದ್ರೆ ಉತ್ತರ ಕೊಡ್ತೀನಿ." ಗಿರಾಕಿಗಳ ತಲೆ ಸವರಿ ನಾಮಫಲಕ ಮಾರಿಕೊಂಡು ಮೇಲೆ ಬಂದವನು ನಾನು. ಈ ಬಾಯಿಗೆ ಬೀಗ ಹಾಕಿದವಳು ನೀನೊಬ್ಬಳೇ. ಇರಲಿ.

ಮೊದಲು ಸುದ್ದಿ ಹೇಳುತ್ತೇನೆ. ನೀನು ಗೋಡೆಗೆ ಅಂಟಿಸಿ ಹೋದ ನಕ್ಷೆ ನೋಡಿಕೊಂಡು ಹಿತ್ತಲ ಶೆಡ್ಡಿನಲ್ಲಿ ಯಂತ್ರವನ್ನು ಎಬ್ಬಿಸಿ ನಿಲ್ಲಿಸಿದ್ದೇನೆ. ಮೇಜು ನಿನ್ನದೇ ಅಳತೆ. ಅದರ ಮೇಲೆ ಬಾಗಿಲ ಚೌಕಟ್ಟಿನ ಹಾಗೆ ಎರಡು ಕಾಲು, ಅವುಗಳ ಮೇಲೊಂದು ಅಡ್ಡ ತೊಲೆ, ತೊಲೆಗೆ ಜೋತುಬಿದ್ದ ಕೊರೆಯುವ ಮೋಟಾರು. ಗ್ಯಾಂಟ್ರಿ ಅನ್ನುತ್ತೀಯಲ್ಲ, ಆ ಇಡೀ ಚೌಕಟ್ಟು ಈಗ ಕಂಪ್ಯೂಟರ್ ಹೇಳಿದ ಹಾಗೆ ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ನೋಡಿದವರು ಬಾಯಿ ಬಿಡಬೇಕು, ಹಾಗಿದೆ.

ಆದರೆ ನಿನ್ನ ನಕ್ಷೆಯಲ್ಲಿ ಮೇಜಿನ ಭಾಗ ಶಾಯಿಯಲ್ಲಿತ್ತು, ಗ್ಯಾಂಟ್ರಿಯದು ಬರೀ ಪೆನ್ಸಿಲ್ ಗೆರೆ. ಅಳತೆ ಬರೆಯುವ ಮೊದಲೇ ನಿನ್ನ ಕಾರ್ಖಾನೆ ಬೇರೆ ಊರಿಗೆ ಗಂಟುಮೂಟೆ ಕಟ್ಟಿತು, ಆರು ತಿಂಗಳ ಮಟ್ಟಿಗೆ ಅಂತ ನೀನೂ ಅದರ ಹಿಂದೆ ಹೋದೆ. ಉಳಿದದ್ದನ್ನು ನನ್ನ ವ್ಯಾಪಾರದ ಬುದ್ಧಿಯಿಂದ ತುಂಬಿದೆ. ನಾಳೆ ಯಾರಾದರೂ ದಪ್ಪನೆಯ ಹಲಗೆ ತಂದರೆ ಇಲ್ಲ ಅನ್ನಬಾರದಲ್ಲ, ಕಾಲುಗಳನ್ನು ಒಂದು ಗೇಣು ಎತ್ತರಿಸಿದೆ. ಹಗುರವಿದ್ದರೆ ಓಡುವುದು ಸಲೀಸು ಅಂತ ತೊಲೆಗೆ ಅಲ್ಯುಮಿನಿಯಂ ಪಟ್ಟಿ ತಂದೆ: ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಬಯಲು.

ಮೊದಲ ಕೆತ್ತನೆ ಸೊನ್ನೆಯೇ ಆಗಿರಲಿ, ದುಂಡಗಿನದರಲ್ಲಿ ಯಂತ್ರ ಏನನ್ನೂ ಮುಚ್ಚಿಡಲಾರದು ಅಂತ ನೀನು ಅಂದಿದ್ದೆ. ಹಾಗೇ ಮಾಡಿದೆ. ಮೋಟಾರು ಮರಕ್ಕೆ ಬಾಯಿ ಹಾಕಿದ್ದೇ ತಡ, ಇಡೀ ಚೌಕಟ್ಟು ಜ್ವರ ಬಂದವರ ಹಾಗೆ ನಡುಗತೊಡಗಿತು. ಅಂಗಡಿಯಲ್ಲಿ ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದ ನಮ್ಮ ಬಣ್ಣದಕ್ಕ ಕುಂಚ ಹಿಡಿದುಕೊಂಡೇ ಓಡಿಬಂದು ಕೇಳಿದಳು: "ಇದು ಕೆತ್ತುತ್ತಾ ಇದೆಯೋ, ಹಲ್ಲು ಕಡೀತಾ ಇದೆಯೋ?"

ಸೊನ್ನೆಯನ್ನು ಇದರ ಜೊತೆಗೇ ಕಳಿಸಿದ್ದೇನೆ. ಹೆಂಡತಿಗೆ ಅಂಚೆಯಲ್ಲಿ ಸೊನ್ನೆ ಕಳಿಸಿದ ಗಂಡ ನಾನೊಬ್ಬನೇ ಇರಬೇಕು. ನೋಡಿ ಏನು ಮಾಡಲಿ ಬರೆ.

ಇಲ್ಲಿ ಎಲ್ಲ ಸರಿಯಾಗಿದೆ. ಇವತ್ತು ಬೆಳಿಗ್ಗೆ ಸಕ್ಕರೆ ಡಬ್ಬಿ ಎಲ್ಲಿ ಅಂತ ಜೋರಾಗಿ ಕೇಳಿದೆ. ಯಾರನ್ನು ಕೇಳಿದೆ ಅಂತ ಆಮೇಲೆ ಹೊಳೆಯಿತು. ಡಬ್ಬಿ ಎದುರಿಗೇ ಇತ್ತು. ನೀನಿದ್ದಾಗಲೂ ಎದುರಿಗೇ ಇರುತ್ತಿತ್ತು.

ನಿನ್ನವನು


ಜೂನ್ 12

ಇವರೇ,

ಸೊನ್ನೆ ತಲುಪಿತು. ಒಳಗೋಡೆಯ ಮೇಲೆ ಉಗುರು ಆಡಿಸಿ ನೋಡಿದೆ. ಒಂದರ ಹಿಂದೊಂದು ಅಲೆ. ಉಳಿ ಮರದಲ್ಲಿದ್ದಾಗ ಗ್ಯಾಂಟ್ರಿ ನಡುಗಿದರೆ ಬರುವ ಗುರುತು ಇದೇ.

ಮೊದಲು ಕಾಲುಗಳನ್ನು ನೋಡಿ. ಬರೀ ಉಕ್ಕಿನ ಪಟ್ಟಿ ನಿಲ್ಲಿಸಿದ್ದರೆ ಅವು ಹಿಂದಕ್ಕೂ ಮುಂದಕ್ಕೂ ತೂಗುತ್ತವೆ. ಪ್ರತಿ ಕಾಲಿನ ಬೆನ್ನಿಗೆ ಕೆಳಗಿನಿಂದ ಮೇಲಿನವರೆಗೆ ತ್ರಿಕೋನದ ಆಸರೆ ಕೊಡಿಸಿ. ವೆಲ್ಡಿಂಗಿನವನಿಗೆ ಹೇಳಿ, ತುದಿಯಲ್ಲಿ ಚುಕ್ಕಿ ಇಟ್ಟು ಬಿಡಬಾರದು, ಪೂರ್ತಿ ಬೆಸೆಯಬೇಕು.

ಆಮೇಲೆ ಮರದ ಸುತ್ತಿಗೆಯಿಂದ ತೊಲೆಯ ನಡುವಿಗೆ ಒಮ್ಮೆ ತಟ್ಟಿ ಕಿವಿಗೊಡಿ. ಗಂಟೆಯ ಹಾಗೆ ಟಣ್ ಅಂತ ಎಳೆದರೆ ಕೆಲಸ ಬಾಕಿ ಇದೆ. ದಪ್ ಅಂತ ಅಲ್ಲೇ ಸತ್ತರೆ ಸರಿ.

ಇಷ್ಟು ಮಾಡಿ ಇನ್ನೊಂದು ಸೊನ್ನೆ ಕಳಿಸಿ.

ನನ್ನ ಕೋಣೆ ಚೆನ್ನಾಗಿದೆ. ಕಿಟಕಿ ಇದೆ.

ನಿಮ್ಮವಳು


ಜೂನ್ 19

ಇವಳೇ,

ಪತ್ರವನ್ನು ತಕ್ಕಡಿಗೆ ಹಾಕಿದೆ. ಕಾಲಿಗೆ ಒಂದು ಪಾಲು, ಸುತ್ತಿಗೆಗೆ ಒಂದು ಪಾಲು, ವೆಲ್ಡಿಂಗಿನವನಿಗೂ ಒಂದು ಸಾಲು ಹೋಗಿದೆ. ನನ್ನ ಖಾತೆಗೆ ಬಂದದ್ದು "ಕಿಟಕಿ ಇದೆ" ಅನ್ನುವುದು ಮಾತ್ರ. ಅದನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಗಾಳಿ ಬೆಳಕು ಬರುತ್ತದೆ, ಆರಾಮಾಗಿದ್ದೇನೆ, ಇಲ್ಲಿನ ಶೆಡ್ಡಿನ ಕತ್ತಲೆಯಿಂದ ಪಾರಾದೆ, ಅಂತ ತಾನೆ? ಸಂತೋಷ. ಕಿಟಕಿ ಇರಬೇಕು ಮನುಷ್ಯನಿಗೆ.

ತ್ರಿಕೋನದ ಆಸರೆ ಹಾಕಿಸಿದೆ. ವೆಲ್ಡಿಂಗಿನವನಿಗೆ ನಿನ್ನ ಮಾತು ಓದಿ ಹೇಳಿದರೆ ಮುಖ ಊದಿಸಿಕೊಂಡ. "ಅಕ್ಕ ಅಲ್ಲಿ ಕೂತ್ಕೊಂಡು ನನ್ನ ಬೆಸುಗೆ ನೋಡ್ತಾರಾ?" ಅಂದ. ನೋಡ್ತಾಳೆ ಕಣೋ, ಅವಳ ಕಣ್ಣು ನಿನಗೆ ಗೊತ್ತಿಲ್ಲ ಅಂದೆ. ಆಮೇಲೆ ಪೂರ್ತಿ ಬೆಸೆದ. ನೀನು ಊರಲ್ಲಿಲ್ಲ, ನಿನ್ನ ಹೆದರಿಕೆ ಮಾತ್ರ ಇನ್ನೂ ಇಲ್ಲೇ ಇದೆ. ಅದರಿಂದಲೇ ಸದ್ಯ ಕೆಲಸ ನಡೆಯುತ್ತಿದೆ.

ಸುತ್ತಿಗೆಯಿಂದ ತಟ್ಟಿದೆ. ಟಣ್ ಅಂತು. ಮೊದಲಿಗಿಂತ ಚಿಕ್ಕ ಟಣ್, ಆದರೂ ಟಣ್ಣೇ. ಬಣ್ಣದಕ್ಕನನ್ನೂ ಕರೆದು ಕೇಳಿಸಿದೆ. ಅವಳು ತಲೆ ಓರೆ ಮಾಡಿ ಕೇಳಿ ಹೇಳಿದಳು: "ಇನ್ನೂ ಏನೋ ಹೇಳೋದಿದೆ ಅದಕ್ಕೆ."

ಎರಡನೆಯ ಸೊನ್ನೆ ಇದರೊಡನೆ ಇದೆ. ಅಲೆ ಚಿಕ್ಕದಾಗಿದೆ, ಹೋಗಿಲ್ಲ. ಹೊಸ ಔಷಧಾಲಯದವರ ಫಲಕ ಕೆತ್ತಿ ಕೊಡಬೇಕು. ಹೀಗೆ ಕೆತ್ತಿದರೆ ಅಕ್ಷರಗಳೇ ಔಷಧಿ ಕೇಳುವ ಹಾಗೆ ಕಾಣುತ್ತವೆ. ನೀನಿದ್ದಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಅವಸರವಿಲ್ಲ. ನಿಧಾನವಾಗಿ ಬರೆ. ಅಂಚೆಯವನು ದಿನಾ ಈ ದಾರಿಯಲ್ಲೇ ಹೋಗುತ್ತಾನೆ. ಅವನಿಗೆ ನೀರು ಕೊಟ್ಟು ಮಾತಾಡಿಸುವುದು ನನಗೆ ಮೊದಲಿನಿಂದಲೂ ಅಭ್ಯಾಸ, ನೀನು ತಪ್ಪು ತಿಳಿಯಬೇಡ.

ನಿನ್ನವನು


ಜುಲೈ 1

ಇವರೇ,

ಎರಡನೆಯ ಸೊನ್ನೆ ನೋಡಿದೆ. ಈಗ ತಪ್ಪು ಕಾಲಿನದಲ್ಲ, ತೊಲೆಯದು.

ಒಂದು ಬೂಟಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳ ತೆಗೆದು ಎರಡೂ ತುದಿ ಹಿಡಿದು ಹಿಂಡಿ. ಒದ್ದೆ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳ ಹಾಕಿ, ಸುತ್ತ ಅಂಟುಪಟ್ಟಿ ಸುತ್ತಿ ಹಿಂಡಿ. ಜಗ್ಗುವುದಿಲ್ಲ. ನಿಮ್ಮ ತೊಲೆ ಮುಚ್ಚಳವಿಲ್ಲದ ಡಬ್ಬಿ. ಮೋಟಾರು ಅದರ ಕೆಳಗೆ ಅಷ್ಟು ದೂರ ಜೋತುಬಿದ್ದಿದೆ. ಮರ ಅದನ್ನು ತಳ್ಳಿದಾಗಲೆಲ್ಲ ತೊಲೆ ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಆ ತಿರುಚಾಟವೇ ನಡುಕ.

ನಾಲ್ಕೂ ಕಡೆ ಗೋಡೆಯಿರುವ ಉಕ್ಕಿನ ಚೌಕ ಕೊಳವೆ ತನ್ನಿ. ದಪ್ಪನೆಯದು. ಭಾರವಾದರೆ ಆಗಲಿ. ಮೋಟಾರು ಓಡುವ ಎರಡು ರೈಲುಗಳನ್ನು ಅದರ ಮೇಲೆ ಆದಷ್ಟು ದೂರ ದೂರ ಇಡಿ, ಒಂದು ಮೇಲಂಚಿಗೆ, ಒಂದು ಕೆಳಗಂಚಿಗೆ. ಹತ್ತಿರ ಹತ್ತಿರ ಇಟ್ಟರೆ ಒಂದನ್ನೊಂದು ಹಿಡಿದುಕೊಳ್ಳಲು ಶಕ್ತಿ ಸಾಲದು.

ಡಬ್ಬಿಯನ್ನು ಇಲ್ಲಿ ಕಿಟಕಿಯ ಕಟ್ಟೆಯ ಮೇಲಿಟ್ಟು ನಾನೇ ಮೊದಲು ಮಾಡಿ ನೋಡಿದೆ. ಯಾರಾದರೂ ಎದುರಿಗಿದ್ದಿದ್ದರೆ ತೋರಿಸಬಹುದಿತ್ತು ಅನಿಸಿತು.

ಮರದ ಪುಡಿಯ ಕೆಮ್ಮು ಹೇಗಿದೆ? ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ?

ನಿಮ್ಮವಳು


ಜುಲೈ 9

ಇವಳೇ,

ಕೆಮ್ಮಿಗೆ ಎರಡು ವಾಕ್ಯ ಸಿಕ್ಕಿದೆ. ಕೆಮ್ಮಿನ ಬಗ್ಗೆ ಇಷ್ಟು ಅಸೂಯೆ ನನಗೆ ಹಿಂದೆಂದೂ ಆಗಿರಲಿಲ್ಲ. ಕೆಮ್ಮು ಚೆನ್ನಾಗಿದೆ, ನಿನ್ನನ್ನು ಕೇಳಿದೆ ಅಂತ ತಿಳಿಸಲು ಹೇಳಿತು. ಬಟ್ಟೆ ಕಟ್ಟಿಕೊಳ್ಳುತ್ತೇನೆ. ಕಟ್ಟಿಕೊಂಡರೆ ಮಾತಾಡಲು ಬರುವುದಿಲ್ಲ ಅನ್ನುವುದೊಂದೇ ತೊಂದರೆ, ಈಗ ಅದೂ ಇಲ್ಲ.

ಬೂಟಿನ ಡಬ್ಬಿಯ ಪರೀಕ್ಷೆ ಮಾಡಿದೆ. ಮನೆಯಲ್ಲಿದ್ದದ್ದು ನಿನ್ನ ಚಪ್ಪಲಿಯ ಡಬ್ಬಿ ಒಂದೇ. ಅದನ್ನು ಹಿಡಿದು ಹಿಂಡುತ್ತಿದ್ದಾಗ ಬಣ್ಣದಕ್ಕ ಬಂದುಬಿಟ್ಟಳು. ಸ್ವಲ್ಪ ಹೊತ್ತು ನೋಡಿ, "ಸಿಟ್ಟಿದ್ರೆ ನೇರವಾಗಿ ಅವರಿಗೇ ಹೇಳಿ, ಡಬ್ಬಿ ಏನು ಮಾಡಿತ್ತು ಪಾಪ" ಅಂದು ಹೋದಳು. ಇದು ವಿಜ್ಞಾನ ಅಂತ ಹೇಳುವಷ್ಟರಲ್ಲಿ ಬಾಗಿಲು ದಾಟಿದ್ದಳು.

ಚೌಕ ಕೊಳವೆಯ ತೊಲೆ ಬಂತು, ಕೂತಿತು. ಎತ್ತಲು ವೆಲ್ಡಿಂಗಿನವನೂ ನಾನೂ ಇಬ್ಬರೂ ಬೇಕಾಯಿತು. ರೈಲುಗಳನ್ನು ನೀನು ಹೇಳಿದಷ್ಟು ದೂರ ಇಟ್ಟಿದ್ದೇನೆ. ಮೂರನೆಯ ಸೊನ್ನೆ ನೋಡು, ಅಲೆ ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಮಾತ್ರ ಸಿಗುತ್ತದೆ.

ವೆಲ್ಡಿಂಗಿನವನು ಒಂದು ತಕರಾರು ತೆಗೆದ. "ಅಣ್ಣಾ, ಅಕ್ಕ ಕಾಲಿಂದೂ ತೊಲೆದೂ ಮೊದಲನೇ ಸಲವೇ ಒಟ್ಟಿಗೆ ಹೇಳಬಹುದಿತ್ತಲ್ಲ? ನಾನು ಎರಡು ಸಲ ಬರೋದು ತಪ್ತಿತ್ತು. ಅವರಿಗೆ ಗೊತ್ತಿಲ್ದೇ ಇರುತ್ತಾ?" ನಾನು ನಿನ್ನ ಪರವಾಗಿ ನಿಂತೆ. ಅವಳು ಯೋಚನೆ ಮಾಡಿ ಮಾಡಿ ಹೇಳುವವಳು, ನಿನ್ನ ಹಾಗೆ ಕಿಡಿ ಹಾರಿಸುವವಳಲ್ಲ ಅಂದೆ. ಆದರೂ ಮನಸ್ಸಿನಲ್ಲಿ ಒಂದು ಕಡ್ಡಿ ಚುಚ್ಚಿತು. ಅಲ್ಲಿ ನಿನಗೆ ಕೈತುಂಬ ಕೆಲಸವಿರಬೇಕು. ನಮ್ಮ ಶೆಡ್ಡಿನ ಗೋಳು ಬಿಡುವಾದಾಗ ನೆನಪಾದಷ್ಟು ಬರೆಯುತ್ತೀಯೇನೋ. ತಪ್ಪೇನಿಲ್ಲ.

ಎದುರಿಗೆ ಯಾರಾದರೂ ಇದ್ದಿದ್ದರೆ ಅಂತ ಬರೆದಿದ್ದೀಯ. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಒಬ್ಬರೂ ಸ್ನೇಹಿತರಾಗಲಿಲ್ಲವೇ? ಸ್ವಲ್ಪ ಬೆರೆ. ನೀನು ಬೆರೆಯುವುದು ಕಡಿಮೆ.

ನಿನ್ನವನು


ಜುಲೈ 24

ಇವರೇ,

ಉತ್ತರ ತಡವಾಯಿತು.

ಕೊನೆಯ ಕೆಲಸಗಳು ಇವು. ಒಂದು ಗೇಣು ಎತ್ತರಿಸಿದ ಕಾಲುಗಳನ್ನು ಇಳಿಸಿ. ಎಂದೋ ಬರುವ ದಪ್ಪ ಹಲಗೆಗೆ ಅಂತ ದಿನಾ ನಡುಗುವುದು ಬೇಡ. ತೊಲೆಯ ಒಳಗೆ ಪೂರ್ತಿ ಒಣಗಿದ ಮರಳು ತುಂಬಿ, ತಟ್ಟಿ ತಟ್ಟಿ ಇಳಿಸಿ, ಎರಡೂ ಬಾಯಿ ಮುಚ್ಚಿಸಿ. ಉಕ್ಕು ಗಟ್ಟಿ, ಆದರೆ ಬಾಯಿಬಡುಕ. ಒಮ್ಮೆ ತಟ್ಟಿದರೆ ಹೇಳುತ್ತಲೇ ಇರುತ್ತದೆ. ಮರಳು ಅದನ್ನು ಒಳಗೇ ನುಂಗಿಕೊಳ್ಳುತ್ತದೆ. ಕಾಲು ಮೇಜಿಗೆ ಕೂರುವ ಕಡೆ ಬೋಲ್ಟುಗಳಿಗೆ ಅಂಟು ಹಾಕಿ ಬಿಗಿಯಿರಿ, ತಾವಾಗಿ ಸಡಿಲಾಗದ ಹಾಗೆ.

ಇಷ್ಟಾದರೆ ಮುಗಿಯಿತು. ಇದರ ಮೇಲೆ ಹೇಳುವುದು ನನ್ನಲ್ಲೂ ಏನೂ ಉಳಿದಿಲ್ಲ.

ಇಲ್ಲಿ ದೊಡ್ಡ ದೊಡ್ಡ ಫ್ಯಾನುಗಳನ್ನು ತಿರುಗಿಸಿ, ಎಲ್ಲಿ ಭಾರ ಹೆಚ್ಚೋ ಹುಡುಕಿ, ನಡುಗದ ಹಾಗೆ ಮಾಡುವುದು ನನ್ನ ಕೆಲಸ. ದಿನವಿಡೀ ಸದ್ದು. ಸಂಜೆ ಎಲ್ಲ ನಿಂತಾಗ ಕಿವಿ ಒಮ್ಮೆಲೇ ಖಾಲಿಯಾಗುತ್ತದೆ. ಕೋಣೆಗೆ ಬಂದ ಮೇಲೂ ಖಾಲಿಯೇ. ಏನೋ ಕೇಳಬೇಕು ಅನಿಸುತ್ತದೆ. ಏನಂತ ಬರೆಯಲು ಬರುತ್ತಿಲ್ಲ.

ನಿಮ್ಮವಳು


ಆಗಸ್ಟ್ 4

ಇವಳೇ,

ಮೊದಲು ಕಿವಿಯ ವಿಷಯ. ಓದಿ ಗಾಬರಿಯಾಯಿತು. ಇಂಥ ಸದ್ದಿನಲ್ಲಿ ಕೆಲಸ ಮಾಡಿ ಕಿವಿ ಕಳೆದುಕೊಂಡವರನ್ನು ನೋಡಿದ್ದೇನೆ. ಹತ್ತಿ ಇಟ್ಟುಕೊ. ಡಾಕ್ಟರಿಗೆ ತೋರಿಸು. ಉದಾಸೀನ ಮಾಡಬೇಡ.

ಮರಳಿನ ಕೆಲಸ ಮುಗಿಸಿದೆ. ಪೂರ್ತಿ ಒಣಗಿರಬೇಕು ಅಂದೆಯಲ್ಲ, ಬಿಸಿಲನ್ನು ನಂಬದೆ ಅಡಿಗೆಮನೆಯಲ್ಲಿ ದೊಡ್ಡ ಬಾಣಲೆಯಿಟ್ಟು ಹುರಿದೆ. ಬಣ್ಣದಕ್ಕ ಬಾಗಿಲಲ್ಲಿ ನಿಂತು, "ಉಪ್ಪು ಹಾಕಿದ್ರಾ?" ಅಂದಳು. ಹುರಿದದ್ದನ್ನು ಜರಡಿ ಹಿಡಿದು, ಕೊಳವೆಯನ್ನು ನಿಲ್ಲಿಸಿ, ಸುರಿದು ತಟ್ಟಿ, ಸುರಿದು ತಟ್ಟಿ ತುಂಬಿದೆವು. ಈಗ ಅದನ್ನು ಎತ್ತಬೇಕೆಂದರೆ ಬೀದಿಯನ್ನೇ ಕರೆಯಬೇಕು. ಕಾಲುಗಳನ್ನು ಇಳಿಸಿದೆ. ಬೋಲ್ಟುಗಳಿಗೆಲ್ಲ ಅಂಟು ಹಾಕಿ ನಾನೇ ಕೈಯಾರೆ ಬಿಗಿದೆ. ಸುತ್ತಿಗೆಯಿಂದ ತಟ್ಟಿದರೆ ದಪ್. ಗೋಡೆಗೆ ದಿಂಬು ಬಡಿದ ಹಾಗೆ.

ಆದರೂ, ಏನು ಹೇಳಲಿ, ಸ್ವಲ್ಪ ನಡುಗುತ್ತಿದೆ. ನಿನ್ನ ಲೆಕ್ಕದಲ್ಲಿ ಮುಗಿದಿರಬಹುದು, ಯಂತ್ರ ಒಪ್ಪುತ್ತಿಲ್ಲ. ನಾಲ್ಕನೆಯ ಸೊನ್ನೆ ಕಳಿಸಿದ್ದೇನೆ, ನೀನೇ ನೋಡು. ಇಂಥದ್ದನ್ನು ಪತ್ರದಲ್ಲಿ ಸರಿಮಾಡಲು ಆಗುತ್ತದೋ ಇಲ್ಲವೋ ತಿಳಿಯದು. ಒಮ್ಮೆ ಎದುರಿಗೆ ನಿಂತು ಕೈಯಿಟ್ಟು ನೋಡಿದರೆ ಗೊತ್ತಾಗಬಹುದೇನೋ. ಸುಮ್ಮನೆ ಹೇಳಿದೆ. ನಿನಗೆ ರಜೆ ಸಿಗುವುದು ಕಷ್ಟವಿರಬಹುದು.

ನಿನ್ನವನು


ಆಗಸ್ಟ್ 14

ಇವಳೇ,

ನಿನ್ನ ಉತ್ತರ ಬಂದಿಲ್ಲ, ಅದಕ್ಕೂ ಮೊದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ ಅಂಗಡಿಗೆ ಬಂದಿದ್ದಳು. ಬಂದವಳೇ, "ಭಾವಾ, ಅಕ್ಕನಿಗೆ ಖಾಯಂ ಮಾಡ್ತಾರಂತೆ, ಇಡೀ ವಿಭಾಗಕ್ಕೇ ಅವಳು ಮುಖ್ಯಸ್ಥೆಯಂತೆ, ನಿಮಗೆ ಗೊತ್ತೇ ಇರುತ್ತಲ್ಲ" ಅಂದಳು. ಗೊತ್ತು ಅಂದೆ. ನಾನು ವ್ಯಾಪಾರಿ, ಮುಖದಲ್ಲಿ ಏನೂ ತೋರಿಸಲಿಲ್ಲ. ಈ ತಿಂಗಳ ಮೂವತ್ತೊಂದರೊಳಗೆ ಸಹಿ ಹಾಕಬೇಕಂತೆ. ಸಹಿ ಹಾಕಿದರೆ ಅಲ್ಲೇ, ಹಾಕದಿದ್ದರೆ ಅಲ್ಲಿಗೆ ಮುಗಿಯಿತಂತೆ.

ಇನ್ನೂ ಒಂದು ಹೇಳಿದಳು. ನಿನ್ನನ್ನು ನೋಡಲು ಹೋದಾಗ ಅವಳನ್ನು ಕಾರ್ಖಾನೆಯೊಳಗೆ ಬಿಟ್ಟರಂತೆ. ಫ್ಯಾನಿನ ಸದ್ದು ಕೇಳಿಸಿಕೊಳ್ಳಲು ನೀನು ಕೈ ಎತ್ತಿದೆಯಂತೆ. ಅಲ್ಲಿದ್ದವರೆಲ್ಲ ಮಾತು, ಸುತ್ತಿಗೆ, ಓಡಾಟ ಎಲ್ಲ ನಿಲ್ಲಿಸಿದರಂತೆ. ಹೇಳುವಾಗ ಅವಳ ಕಣ್ಣು ಮಿನುಗಿತು.

ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ನಿನಗೆ ಸಲ್ಲಬೇಕಾದದ್ದೇ. ಯೋಚನೆ ಮಾಡುವಂಥದ್ದೇನೂ ಇಲ್ಲ, ಸಹಿ ಹಾಕು. ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ನಾನೇನು ಮಗುವೇ?

ಅಭಿನಂದನೆಗಳು.

ನಿನ್ನವನು


ಆಗಸ್ಟ್ 22

ಇವರೇ,

ನಿಮ್ಮ ಎರಡು ಪತ್ರ ಒಂದರ ಹಿಂದೊಂದು ಬಂದವು. ಎರಡನ್ನೂ ಒಬ್ಬನೇ ಮನುಷ್ಯ ಬರೆದದ್ದು ಅಂತ ನಂಬಲು ಕೈಬರಹ ನೋಡಬೇಕಾಯಿತು.

ಮೊದಲು ಸೊನ್ನೆ. ಯಂತ್ರ ನಡುಗಿದರೆ ಒಳಗೋಡೆಯ ಉದ್ದಕ್ಕೂ ಅಲೆ ಬರುತ್ತದೆ. ಯಂತ್ರದ ಒಂದು ಕೀಲು ಸಡಿಲಾಗಿದ್ದರೆ ಅಲೆ ಬರುವುದಿಲ್ಲ, ಮೆಟ್ಟಿಲು ಬರುತ್ತದೆ: ಗ್ಯಾಂಟ್ರಿ ಮುಂದೆ ಹೋಗಿ ಹಿಂದಕ್ಕೆ ತಿರುಗುವ ಜಾಗದಲ್ಲಿ ಒಂದು, ಹಿಂದೆ ಹೋಗಿ ಮುಂದಕ್ಕೆ ತಿರುಗುವ ಜಾಗದಲ್ಲಿ ಇನ್ನೊಂದು. ನಿಮ್ಮ ನಾಲ್ಕನೆಯ ಸೊನ್ನೆಯಲ್ಲಿ ಅಲೆಯೇ ಇಲ್ಲ. ನೆತ್ತಿಯಲ್ಲಿ ಒಂದು ಮೆಟ್ಟಿಲು, ಬುಡದಲ್ಲಿ ಒಂದು ಮೆಟ್ಟಿಲು, ಉಳಿದದ್ದೆಲ್ಲ ಗಾಜು. ಅಷ್ಟು ನುಣುಪು ಇಲ್ಲಿನ ದೊಡ್ಡ ಯಂತ್ರದಲ್ಲೂ ನಾನು ಕಂಡಿಲ್ಲ.

ಒಂದು ಕಾಲಿನ ಬೋಲ್ಟು ಸಡಿಲವಾಗಿದೆ. ಅಂಟು ಹಾಕಿ ಬಿಗಿದೆ ಅಂತ ನೀವೇ ಬರೆದಿದ್ದೀರಿ. ಅಂಟು ಹಾಕಿದ ಬೋಲ್ಟು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಅದನ್ನು ಬಿಚ್ಚಬೇಕಾದರೆ ಬೆಂಕಿಯಿಟ್ಟು ಕಾಯಿಸಬೇಕು. ಬೋಲ್ಟನ್ನು ಕಾಯಿಸಿ, ಕೈ ಸುಟ್ಟುಕೊಂಡು, ಸಡಿಲ ಮಾಡಿ, ಆಮೇಲೆ ಒಂದು ಸೊನ್ನೆ ಕೆತ್ತಿ, ಹೆಂಡತಿಗೆ "ನಡುಗುತ್ತಿದೆ" ಅಂತ ಕಳಿಸಿದ್ದೀರಿ. ಸಡಿಲಕ್ಕೂ ನಡುಕಕ್ಕೂ ವ್ಯತ್ಯಾಸ ನನಗೆ ತಿಳಿಯುವುದಿಲ್ಲ ಅಂದುಕೊಂಡಿರಾ? ಊಟ ಹಾಕುವುದೇ ಅದು ನನಗೆ.

ನಿಜ ಹೇಳುತ್ತೇನೆ, ಸೊನ್ನೆ ನೋಡಿ ಸಿಟ್ಟು ಬರಲಿಲ್ಲ. ನಕ್ಕೆ. ಒಬ್ಬಳೇ ಕೂತು ಜೋರಾಗಿ ನಕ್ಕೆ. ಅವತ್ತೇ ರಜೆ ಕೇಳಿದೆ, ಕೊಟ್ಟರು. ಪೆಟ್ಟಿಗೆ ಕಟ್ಟಿದೆ. ಆಗ ನಿಮ್ಮ ಇನ್ನೊಂದು ಪತ್ರ ಬಂತು. ಸಹಿ ಹಾಕು, ಅಭಿನಂದನೆಗಳು. ಪೆಟ್ಟಿಗೆ ಬಿಚ್ಚಿದೆ.

ಇವರೇ, ಎರಡರಲ್ಲಿ ಯಾವುದನ್ನು ನಂಬಲಿ? ಬೋಲ್ಟು ಬಾ ಅನ್ನುತ್ತದೆ. ನೀವು ಅಲ್ಲೇ ಇರು ಅನ್ನುತ್ತೀರಿ.

ಖಾಯಂ ಮಾಡುವ ವಿಷಯ ನಾನು ಹೇಳಲಿಲ್ಲ. ಹೇಳಿದರೆ ನೀವು ಒಂದು ಕ್ಷಣವೂ ತಡೆಯದೆ "ಹೋಗು" ಅಂದುಬಿಡುತ್ತೀರಿ ಅಂತ ಹೆದರಿಕೆ. ಹೊರಡುವಾಗಲೂ ಹಾಗೇ ಅಂದಿರಿ, ದೊಡ್ಡ ಗಂಟಲಲ್ಲಿ, ಬಸ್ಸಿನವರೆಲ್ಲ ಕೇಳುವ ಹಾಗೆ. ಕಿವಿ ಖಾಲಿಯಾಗುತ್ತದೆ ಅಂತ ಬರೆದರೆ ಹತ್ತಿ ಇಟ್ಟುಕೊ ಅಂದಿರಿ. ಖಾಲಿಯಾದದ್ದು ನಿಮ್ಮ ಮಾತಿಲ್ಲದೆ. ಫೋನು ಬೇಡ ಅಂದವಳು ನಾನೇ, ಅದಕ್ಕೆ ಬೇಕು ಅನ್ನಲು ಬಾಯಿ ಬರಲಿಲ್ಲ.

ವೆಲ್ಡಿಂಗಿನವನಿಗೆ ನನ್ನ ಪರವಾಗಿ ಏನೂ ಹೇಳಬೇಡಿ. ಅವನು ಹೇಳಿದ್ದು ಸರಿ. ಆಸರೆ, ತೊಲೆ, ಮರಳು, ಕಾಲು, ಎಲ್ಲವೂ ಮೊದಲ ಸೊನ್ನೆ ನೋಡಿದ ದಿನವೇ ಗೊತ್ತಿತ್ತು. ಎಲ್ಲ ಒಟ್ಟಿಗೆ ಬರೆದುಬಿಟ್ಟರೆ ನೀವು ಮತ್ತೆ ಯಾಕೆ ಬರೆಯುತ್ತೀರಿ? ಅದಕ್ಕೇ ಒಂದೊಂದಾಗಿ ಕೊಟ್ಟೆ. ಕೊನೆಯದನ್ನು ಬರೆಯಲು ಎಷ್ಟು ದಿನ ಹಿಡಿಯಿತು ನೋಡಿದಿರಲ್ಲ.

ಮೂವತ್ತೊಂದಕ್ಕೆ ನಾನು ಉತ್ತರ ಕೊಡಬೇಕು. ಅದಕ್ಕೆ ಮೊದಲು ನೀವು ಒಂದು ಪತ್ರ ಬರೆಯಿರಿ. ಅದರಲ್ಲಿ ಯಂತ್ರದ ಹೆಸರು ಬರಬಾರದು.

ನಿಮ್ಮವಳು


ಆಗಸ್ಟ್ 26

ಇವಳೇ,

ನಾಲ್ಕು ಹಾಳೆ ಹರಿದೆ. ಆ ಒಂದು ವಸ್ತುವಿನ ಹೆಸರು ತೆಗೆದುಬಿಟ್ಟರೆ ನನಗೆ ನಿನ್ನ ಹತ್ತಿರ ಮಾತೇ ಹುಟ್ಟುವುದಿಲ್ಲ ಅಂತ ಇವತ್ತು ತಿಳಿಯಿತು. ಯಾರನ್ನು ಬೇಕಾದರೂ ಮಾತಿನಲ್ಲಿ ಕಟ್ಟಿಹಾಕುವವನಿಗೆ ಇದು ನಾಚಿಕೆಗೇಡು.

ಮೊದಲ ಹಾಳೆಯಲ್ಲಿ "ಬಾ" ಅಂತ ಬರೆದೆ. ಬರೆದು ಓದಿ ಹೆದರಿದೆ. ನೀನು ಬಂದೇಬಿಡುತ್ತೀಯ. ಬಂದು, ಈ ಕತ್ತಲೆಯ ಮೂಲೆಯಲ್ಲಿ ಕೂತು, ನನ್ನ ಅಂಗಡಿಯ ಬೇಕು ಬೇಡ ನೋಡಿಕೊಂಡು, ಒಂದು ಸಲವೂ ಮುಖ ಮುರಿಯದೆ ಇರುತ್ತೀಯ. ಅಲ್ಲಿ ನೀನು ಕೈ ಎತ್ತಿದರೆ ಒಂದು ಕಾರ್ಖಾನೆ ಸುಮ್ಮನಾಗುತ್ತದೆ. ಇಲ್ಲಿ ನೀನು ಎಷ್ಟು ಸಲ ಕೈ ಎತ್ತಿದ್ದೀಯೋ, ನಾನು ಒಮ್ಮೆಯೂ ಸುಮ್ಮನಾದವನಲ್ಲ. ಅದಕ್ಕೆ ಸಹಿ ಹಾಕು ಅಂದೆ. ಯಾರ ಹಂಗಿಲ್ಲದೆ ಮೇಲೆ ಬಂದವನು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ನೀನು ಮೇಲೆ ಹೋಗುವಾಗ ಸೆರಗು ಹಿಡಿದು ಜಗ್ಗುವುದು ಹೇಗೆ?

ಸಹಿ ಹಾಕು. ಈ ಸಲ ಗಂಟಲು ದೊಡ್ಡದು ಮಾಡಿ ಹೇಳುತ್ತಿಲ್ಲ.

ಇನ್ನೊಂದು ಮಾತಿದೆ. ಇದನ್ನು ಬರೆಯಲು ಆ ಹಾಳೆಗಳೆಲ್ಲ ಹೋದವು. ನೀನಿಲ್ಲದೆ ನನಗೆ ಆಗುವುದಿಲ್ಲ. ದಿನ ಹೋಗುತ್ತದೆ, ಗಿರಾಕಿಗಳು ಬರುತ್ತಾರೆ, ನಗುತ್ತೇನೆ, ನಗಿಸುತ್ತೇನೆ. ಅವರು ಹೋದ ಮೇಲೆ, ಇದನ್ನು ನಿನಗೆ ಹೇಳಬೇಕು ಅಂತ ಒಳಗೆ ತಿರುಗುತ್ತೇನೆ. ದಿನಕ್ಕೆ ಎಷ್ಟು ಸಲ ತಿರುಗುತ್ತೇನೆ ಅಂತ ಲೆಕ್ಕವಿಡಲು ಹೋಗಿ ಬಿಟ್ಟೆ.

ಬಣ್ಣದಕ್ಕನ ಜೊತೆ ಮಾತಾಡಿದೆ. ಅಂಗಡಿ ನಡೆಸುತ್ತೀಯಾ ಅಂತ ಕೇಳಿದರೆ, "ಇಷ್ಟು ದಿನ ಯಾರು ನಡೆಸ್ತಿದ್ರು ಅಂದ್ಕೊಂಡಿದ್ರಿ?" ಅಂದಳು. ಹಾಗಾಗಿ ನನಗೆ ಈಗ ಕೆಲಸವಿಲ್ಲ. ಇಲ್ಲಿ ನಾನು ಅಂಗಡಿಯ ಯಜಮಾನ, ಹತ್ತು ಜನ ನಿಂತು ಮಾತಾಡಿಸುತ್ತಾರೆ. ಅಲ್ಲಿ ನನ್ನನ್ನು ಯಾರೂ ಕಂಡವರಿಲ್ಲ. ನಿನ್ನ ಗಂಡ, ಅಷ್ಟೇ. ಆ ಜಾಗ ಇನ್ನೂ ಖಾಲಿಯಿದ್ದರೆ, ಖಾಯಂ ಮಾಡುವುದಿದ್ದರೆ, ನಾನು ಬರಲಾ?

ಮಾರುವವನಾಗಿ ಬದುಕಿದ್ದೇನೆ, ಹೀಗೆ ಬೇಡಿ ಗೊತ್ತಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನವನು


ಸೆಪ್ಟೆಂಬರ್ 2

ಇವರೇ,

ಸಹಿ ಹಾಕಿದೆ. ಮೂವತ್ತೊಂದರ ಮಧ್ಯಾಹ್ನ ನಿಮ್ಮ ಪತ್ರ ಬಂತು. ಅದನ್ನು ಓದಿದ ಮೇಲೆ ಹಾಕಿದೆ, ಓದುವ ಮೊದಲಲ್ಲ. ಬಂದಿರದಿದ್ದರೆ ಹಾಕುತ್ತಿರಲಿಲ್ಲ. ಇದು ನಿಮಗೆ ಗೊತ್ತಿರಲಿ.

ಒಪ್ಪಿಕೊಂಡ ಕೆಲಸ ಮುಗಿಸಿ ಬನ್ನಿ, ಔಷಧಾಲಯದವರಿಗೆ ಮಾತು ತಪ್ಪಬೇಡಿ. ಆ ಬೋಲ್ಟು ಬಿಗಿಯಿರಿ, ಬೇಗ ಮುಗಿಯುತ್ತದೆ. ಗ್ಯಾಂಟ್ರಿಯನ್ನು ಕೆಡವಿ ಹೊತ್ತು ತರುವ ಆಲೋಚನೆ ಮಾತ್ರ ಬೇಡ, ನಿಮ್ಮನ್ನು ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ. ಅದು ಅಲ್ಲೇ ಬಣ್ಣದಕ್ಕನ ಕೈಯಲ್ಲಿರಲಿ. ಅಲುಗಬಾರದು ಅಂತ ಮಾಡಿದ್ದು ಅದನ್ನು. ಅಲುಗಬೇಕಾದವರು ನಾವು.

ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಸುಟ್ಟ ಕೈಗೆ ಏನು ಹಚ್ಚಿದಿರಿ? ಸುಟ್ಟಿಲ್ಲ ಅಂತ ಬರೆಯಬೇಡಿ.

ನಿನ್ನೆ ಕೆಲಸ ಬಿಟ್ಟ ಮೇಲೆ ಮನೆ ನೋಡಲು ಹೋದೆ. ಕಾರ್ಖಾನೆಯ ಹಿಂದಿನ ಬೀದಿ, ಮೇಲಂತಸ್ತು, ಎರಡು ಕೋಣೆ. ಮೆಟ್ಟಿಲು ಕಡಿದಾಗಿದೆ, ನೀವು ಬೈದುಕೊಂಡು ಹತ್ತುತ್ತೀರಿ. ಒಳಗಿನ ಕೋಣೆಯಲ್ಲಿ ನಿಂತು ಒಂದು ಮಾತಾಡಿದರೆ ಹೊರಗಿನ ಕೋಣೆಯಲ್ಲಿ ಪೂರ್ತಿ ಕೇಳುತ್ತದೆ, ನಾನೇ ಮಾತಾಡಿ ನೋಡಿದೆ. ಬಾಡಿಗೆ ಕೊಡುವಾಕೆ ವಯಸ್ಸಾದವರು, ಬಹಳ ಜಾಗ್ರತೆ. ಬಾಗಿಲಿಗೆ ಅಡ್ಡ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು:

"ಒಬ್ಬಳೇನಮ್ಮಾ?"

"ಇಲ್ಲ, ಇಬ್ಬರು."

"ಮನೆಯವರು ಏನು ಮಾಡ್ತಾರೆ?"

"ಬರ್ತಿದ್ದಾರೆ."

"ಅದಲ್ಲಮ್ಮಾ, ಕೆಲಸ ಏನು ಮಾಡ್ತಾರೆ ಅಂತ ಕೇಳಿದ್ದು."

"ಸದ್ಯಕ್ಕೆ ಅದೇ ಕೆಲಸ," ಅಂದೆ. "ಬರ್ತಿದ್ದಾರೆ."

ನಿಮ್ಮವಳು